ಲೆಕ್ಕದ ಸಾಲಿನೊಳಗಣ ರೇಖೆ

ಬಾಗಲಕೋಟೆ, ಇಳಕಲ್ಲು, ಗುಳೇದಗುಡ್ಡಗಳ ಹಳೆಯ ವರ್ತಕ ಮನೆತನಗಳಲ್ಲಿ ಕೆಂಪು ಅರಿವೆಯ ಹೊದಿಕೆ ತೊಡಿಸಿ, ನೂಲಿನಿಂದ ಸುತ್ತಿ, ಮಾಡದಲ್ಲಿ ಇರಿಸಿದ ಕೀರ್ದಿ ಖತಾವಣಿಗಳೆಂಬ ಲೆಕ್ಕದ ಹೊತ್ತಿಗೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದುಬಂದಿವೆ. ಅವುಗಳಲ್ಲೊಂದನ್ನು ಬಿಚ್ಚಿ, ಮೊದಲ ಪುಟದ ಶ್ರೀಕಾರವನ್ನು ದಾಟಿ, ಮಾಸಿದ ಹಾಳೆಗಳ ಮೇಲೆ ಕಣ್ಣು ಹಾಯಿಸಿದವನಿಗೆ, ಅದರ ಲಿಪಿ ಮೋಡಿಯಾಗಿದ್ದು ಒಂದಕ್ಷರವೂ ತಿಳಿಯದೆ ಹೋದರೂ, ಒಂದು ಸಂಗತಿ ಮಾತ್ರ ತಾನಾಗಿ ಗೋಚರವಾಗುತ್ತದೆ: ಅಂಕಿಗಳ ಬೆನ್ನಿಗೆ ಹತ್ತಿಕೊಂಡು ಕೆಲವು ಸಣ್ಣ ಗೀಟುಗಳು, ಕೆಲವು ನೆಟ್ಟಗೆ ನಿಂತವು, ಕೆಲವು ಅಡ್ಡ ಮಲಗಿದವು, ಸಾಲುಸಾಲಿನಲ್ಲಿಯೂ ಕಾಣಿಸಿಕೊಳ್ಳುತ್ತವೆ. ಓದದೆಯೇ ನೋಡಬಹುದಾದ ಲೆಕ್ಕ ಅದು. ಇಂದು ವ್ಯಾಪಾರಸಂಸ್ಥೆಗಳ ಗಣಕದ ಪರದೆಯ ಮೇಲೆ, ಡ್ಯಾಷ್‌ಬೋರ್ಡ್ ಎಂದು ಕರೆಯಿಸಿಕೊಳ್ಳುವ ವರದಿಫಲಕದಲ್ಲಿ, ಪ್ರತಿಯೊಂದು ಮೊತ್ತದ ಮಗ್ಗುಲಿಗೆ ಒಂದು ಪದದಷ್ಟೇ ಅಗಲವಾದ ರೇಖಾಚಿತ್ರವನ್ನು ನೆಲೆಗೊಳಿಸುವ ಪದ್ಧತಿ ರೂಢಿಗೆ ಬಂದಿದೆಯಷ್ಟೆ. ಅಂಥ ಚಿತ್ರಕ್ಕೆ ಸ್ಪಾರ್ಕ್‌ಲೈನ್ ಎಂದು ಹೆಸರು. ಅದನ್ನು ತೀರ ಹೊಸತಾದ ಒಂದು ಚಮತ್ಕಾರವೆಂದು ಬಗೆಯುವವರು ಬಹಳ ಮಂದಿ. ಮಲಪ್ರಭೆ ಕೃಷ್ಣೆಯರ ನಡುವಣ ಈ ನಾಡಿನ ವರ್ತಕರು ಲೆಕ್ಕವನ್ನು ಬರೆದು, ಕಂಡು, ಕಾಪಾಡಿಕೊಂಡು ಬಂದ ಬಗೆಯನ್ನು ಸಾವಧಾನವಾಗಿ ಪರಿಶೀಲಿಸಿದರೆ, ಆ ಪುಟ್ಟ ರೇಖೆ ಯಾವ ಕೊರತೆಯನ್ನು ತುಂಬಲು ಹುಟ್ಟಿತೆಂಬುದು ಹೆಚ್ಚು ಸ್ಪಷ್ಟವಾಗುವುದೆಂದು ನನ್ನ ನಂಬಿಕೆ.

ಈ ನಾಡಿನಲ್ಲಿ ಸಂಖ್ಯೆಯನ್ನು ಶಾಶ್ವತವಾಗಿ ನಿಲ್ಲಿಸಬೇಕೆಂಬ ಹಂಬಲ ಬಹು ಪ್ರಾಚೀನವಾದುದು. ಬಾದಾಮಿಯ ಕೋಟೆಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿಯು ಕೆತ್ತಿಸಿದ ಶಾಸನವು ಶಕವರ್ಷ 465ನ್ನು, ಎಂದರೆ ಕ್ರಿ.ಶ. 543ನ್ನು, ಹೇಳುತ್ತದೆ. ಐಹೊಳೆಯ ಮೇಗುತಿ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯನ್ನು ಹೊಗಳಿ ರಚಿಸಿದ ಪ್ರಶಸ್ತಿಯಂತೂ ಶಕವರ್ಷ 556ರ ಜೊತೆಗೆ ಭಾರತಯುದ್ಧವು ಕಳೆದು 3735 ವರ್ಷಗಳಾದುವೆಂಬುದನ್ನೂ ಸೇರಿಸಿ ಹೇಳಿದೆ. ಆದರೆ ಕವಿಯು ಅಲ್ಲಿ ಒಂದು ಅಂಕಿಯನ್ನೂ ಬಳಸಲಿಲ್ಲ. ಮೂವತ್ತನ್ನು ಬೇರೆ, ಮೂರು ಸಾವಿರವನ್ನು ಬೇರೆ, ಏಳುನೂರನ್ನು ಬೇರೆ, ಐದನ್ನು ಬೇರೆ ಪದಗಳಲ್ಲಿ ಹೇಳಿ, ಕೂಡಿಸುವ ಕೆಲಸವನ್ನು ಓದುವವನಿಗೆ ಬಿಟ್ಟಿದ್ದಾನೆ. ಛಂದಸ್ಸಿನ ಕಟ್ಟಿಗೆ ಒಳಗಾದ ಸಂಖ್ಯೆ ಅದು; ಕೆಡದು, ತಿದ್ದುಪಡಿಗೆ ಎಡೆಗೊಡದು, ಕಿವಿಗೆ ಇಂಪು. ಕಣ್ಣಿಗೆ ಮಾತ್ರ ಅದು ಏನನ್ನೂ ತೋರಿಸುವುದಿಲ್ಲ. ರಾಜನ ಕೀರ್ತಿಗೆ ಅಷ್ಟು ಸಾಕಾಗಿದ್ದಿತು. ಸಂತೆಯಲ್ಲಿ ಎತ್ತಿನ ಹೇರನ್ನು ಇಳಿಸಿ ನಿಂತ ಸೆಟ್ಟಿಗೆ ಸಾಕಾಗುವಂತಿರಲಿಲ್ಲ.

ಆ ಸೆಟ್ಟಿಗಳ ಸಂಘವು ಹುಟ್ಟಿದುದೂ ಇದೇ ಐಹೊಳೆಯಲ್ಲಿ. ಈಗ ಹುನಗುಂದ ತಾಲ್ಲೂಕಿನ ಒಂದು ಗ್ರಾಮವಾಗಿರುವ, ಶಾಸನಗಳಲ್ಲಿ ಅಯ್ಯಾವೊಳೆಯೆಂದೂ ಆರ್ಯಪುರವೆಂದೂ ಪ್ರಸಿದ್ಧವಾದ ಈ ಊರಿನ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣಾಪಥದಲ್ಲೆಲ್ಲ ಸಂಚರಿಸಿದ ವರ್ತಕ ಸಮುದಾಯ. ವೀರಬಣಂಜು ಧರ್ಮವನ್ನು ಪಾಲಿಸುವವರೆಂದು ತಮ್ಮನ್ನು ತಾವೇ ಬಣ್ಣಿಸಿಕೊಂಡ ಇವರ ಶಾಸನಗಳು ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿ ಹರಡಿವೆ. ಸುಮಾತ್ರ ದ್ವೀಪದ ಬರೂಸಿನಲ್ಲಿಯೂ ಐನೂರ್ವರ ಹೆಸರುಳ್ಳ, 1088ರ ಒಂದು ತಮಿಳು ಶಾಸನ ದೊರೆತಿದೆ. ಸಮುದ್ರದಾಚೆಗೆ ಹೋದ ಹೆಸರು ಮಲಪ್ರಭೆಯ ದಡದ ಒಂದು ಊರಿನದೆಂಬುದನ್ನು ನೆನೆದಾಗ ಅಭಿಮಾನವುಂಟಾಗುವುದು ಸಹಜ. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಅವರು ದೇವಾಲಯಗಳಿಗೆ ಬಿಟ್ಟ ದತ್ತಿಗಳ ಒಕ್ಕಣೆ. ಹೇರಿಗೆ ಇಷ್ಟು, ಅಡಕೆಗೆ ಇಷ್ಟು, ಎಲೆಗೆ ಇಷ್ಟು ಎಂದು ಅವರ ಶಾಸನಗಳು ದರವನ್ನು ಬಿಡಿಬಿಡಿಯಾಗಿ ಹೇಳುತ್ತವೆ. ಪಣದಲ್ಲಿ ಕಾಲು ಪಾಲು ಹಾಗ, ಹದಿನಾರರಲ್ಲೊಂದು ಪಾಲು ವೀಸ. ಕಾಲು ಮತ್ತು ಹದಿನಾರನೆಯ ಭಾಗಗಳ ಈ ಎರಡು ಮೆಟ್ಟಿಲುಗಳ ಮೇಲೆಯೇ ಆ ಕಾಲದ ವ್ಯವಹಾರವೆಲ್ಲ ಏರಿ ಇಳಿಯುತ್ತಿದ್ದಿತು. ಇವನ್ನು ಮರೆಯದಿರಬೇಕೆಂದು ವಾಚಕರಲ್ಲಿ ಬಿನ್ನವಿಸುತ್ತೇನೆ, ಏಕೆಂದರೆ ಸಾವಿರ ವರ್ಷಗಳ ಮೇಲೆ ಇಳಕಲ್ಲಿನ ಸಾವುಕಾರನ ಲೇಖನಿಯಿಂದ ಮೂಡಿದ ಗೀಟುಗಳು ಇದೇ ಎರಡು ಭಾಗಗಳ ಗೀಟುಗಳು.

ಲೆಕ್ಕವನ್ನು ಬಲ್ಲವನಿಗೆ ಈ ಸೀಮೆಯಲ್ಲಿ ಎಂಥ ಗೌರವ ಸಲ್ಲುತ್ತಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ವಿದ್ಯಾಭ್ಯಾಸ ಮಾಡಿದ ಬಸವಣ್ಣನವರು ಮಂಗಳವೇಢೆಯಲ್ಲಿ ಕರಣಿಕರಾಗಿ ವೃತ್ತಿಯನ್ನಾರಂಭಿಸಿ ಬಿಜ್ಜಳನ ಭಂಡಾರಿಯ ಪದವಿಗೆ ಏರಿದರೆಂದು ಪರಂಪರೆಯು ಹೇಳುತ್ತ ಬಂದಿದೆ. ಅದೇ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ ವ್ಯವಹಾರಗಣಿತವನ್ನು ಬರೆದನು. ಗಣಿತವು ಪಂಡಿತರ ಸಂಸ್ಕೃತದಿಂದ ಅಂಗಡಿಯ ಕನ್ನಡಕ್ಕೆ ಇಳಿದ ಕಾಲವದು.

ಬರೆಯುವ ಸಾಧನವಾದರೋ ಬಹುಕಾಲ ಕಡತವಾಗಿದ್ದಿತು. ಗಟ್ಟಿಯಾದ ಅರಿವೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಹಾವಸೆಯಂತೆ ನುಣ್ಪಾದ ಕಪ್ಪು ಮೈಯನ್ನು ಬರಿಸಿ, ಹಿಂದುಮುಂದಾಗಿ ಮಡಿಚಿ, ಬಳಪದಿಂದ ಅದರ ಮೇಲೆ ಬರೆಯುವರು. ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದು. ತಾಳೆಗರಿಯು ಕಾವ್ಯಕ್ಕೆ, ಕಲ್ಲು ದಾನಕ್ಕೆ, ಕಡತವು ವ್ಯವಹಾರಕ್ಕೆ ಎಂಬಂತೆ ಒಂದು ವಿಭಾಗ ತಾನಾಗಿ ಏರ್ಪಟ್ಟಿದ್ದಿತು. ಅನಂತರ ಆದಿಲಶಾಹಿಯ ಕಾಲದಲ್ಲಿ ಪಾರಸಿಯ ದಫ್ತರದ ಮಾತುಗಳೂ, ಪೇಶವೆಯರ ಕಾಲದಲ್ಲಿ ಮೋಡಿ ಲಿಪಿಯೂ ಈ ಸೀಮೆಗೆ ಬಂದುವು. ಜಮೆ, ಖರ್ಚು, ಬಾಕಿ, ಶಿಲ್ಕು, ಕೀರ್ದಿ, ಖತಾವಣಿ ಎಂಬ ಶಬ್ದಗಳು ಇಂದಿಗೂ ನಮ್ಮ ಪೇಟೆಗಳಲ್ಲಿ ಹುಟ್ಟುನುಡಿಗಳಂತೆಯೇ ಬಳಕೆಯಾಗುತ್ತಿವೆ. ಕಾಗದವು ಸುಲಭವಾದ ಮೇಲೆ ಕಡತವು ಹಿಂದೆ ಸರಿದು ಉದ್ದನೆಯ ಹೊತ್ತಿಗೆಗಳು ಮುಂದೆ ಬಂದುವು.

ಆ ಹೊತ್ತಿಗೆಯ ರಚನೆಯನ್ನು ತುಸು ಹತ್ತಿರದಿಂದ ನೋಡತಕ್ಕದ್ದಿದೆ. ಅದರ ಹಾಳೆಗೆ ಶಾಯಿಯಿಂದ ಎಳೆದ ಮನೆಗಳಿಲ್ಲ. ಹಾಳೆಯನ್ನು ಉದ್ದುದ್ದ ಮಡಿಚಿ, ಉಗುರಿನಿಂದ ತೀಡಿ, ಮತ್ತೆ ಬಿಡಿಸಿದಾಗ ಉಳಿದ ಮಡಿಕೆಯ ಗುರುತುಗಳೇ ಅಂಕಣಗಳ ಎಲ್ಲೆ. ಎಡಗಡೆ ಜಮೆ, ಬಲಗಡೆ ಖರ್ಚು. ಪ್ರತಿಯೊಂದು ಪಾರ್ಶ್ವದಲ್ಲಿಯೂ ಸಾಮಾನ್ಯವಾಗಿ ಮೊದಲ ಮಡಿಕೆ ಮೊತ್ತಕ್ಕೆ ಮೀಸಲು, ಉಳಿದವು ವಿವರಕ್ಕೆ. ದಿನದ ವ್ಯವಹಾರವೆಲ್ಲ ಬಂದ ಕ್ರಮದಲ್ಲಿ ರೋಜುಕೀರ್ದಿಗೆ ಇಳಿಯುವುದು. ಅಲ್ಲಿಂದ ಹೆಸರುಹೆಸರಿಗೆ ಬೇರೆಯಾಗಿ ಖತಾವಣಿಗೆ ಹೋಗುವುದು. ಖತಾವಣಿಯ ಒಂದು ಪುಟವನ್ನು ತೆರೆದರೆ, ಇಂಥ ನೇಕಾರನಿಗೆ ಇಂಥ ಮಿತಿಯ, ಎಂದರೆ ತೇದಿಯ, ದಿನ ಇಷ್ಟು ನೂಲು ಕೊಟ್ಟುದು, ಇಂಥ ಮಿತಿಯ ದಿನ ಇಷ್ಟು ಸೀರೆ ಬಂದುದು, ಇಷ್ಟು ಮಜೂರಿ ಸಂದುದು, ಇಷ್ಟು ಬಾಕಿ ನಿಂತುದು ಎಲ್ಲವೂ ಮೇಲಿನಿಂದ ಕೆಳಕ್ಕೆ ಒಂದೇ ನೋಟಕ್ಕೆ ದೊರೆಯುತ್ತಿದ್ದಿತು. ಎಂದರೆ ಯಾವ ಬಾಕಿಯೂ ಆ ಪುಟದಲ್ಲಿ ಒಂಟಿಯಾಗಿ ನಿಲ್ಲುತ್ತಿರಲಿಲ್ಲ. ತಾನು ಹೇಗೆ ಬೆಳೆದೆನೆಂಬ ವೃತ್ತಾಂತವನ್ನು ತನ್ನ ತಲೆಯ ಮೇಲೆಯೇ ಹೊತ್ತುಕೊಂಡಿರುತ್ತಿದ್ದಿತು.

ಇನ್ನು ಗೀಟುಗಳ ವಿಚಾರ. ರೂಪಾಯಿಗೆ ಹದಿನಾರು ಆಣೆ. ನಾಲ್ಕಾಣೆಗೆ ಒಂದು ನೆಟ್ಟ ಗೀಟು, ಎಂಟಾಣೆಗೆ ಎರಡು, ಹನ್ನೆರಡಾಣೆಗೆ ಮೂರು. ನಾಲ್ಕಕ್ಕೆ ಒಳಗಾದ ಬಿಡಿ ಆಣೆಗಳಿಗೆ ಅಡ್ಡ ಗೀಟು: ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು. ಹೀಗಾಗಿ ಏಳಾಣೆಯೆಂದರೆ ಒಂದು ನಿಂತ ಗೀಟು, ಮೂರು ಮಲಗಿದ ಗೀಟು. ಹದಿಮೂರಾಣೆಯೆಂದರೆ ಮೂರು ನಿಂತವು, ಒಂದು ಮಲಗಿದುದು. ಹದಿನೈದಾಣೆಗೆ ಮೂರೂ ಮೂರೂ ಸೇರಿ ಆರು ಗೀಟು, ಅದಕ್ಕೆ ಮಿಕ್ಕರೆ ಪೂರ್ಣ ರೂಪಾಯಿ. ಆಣೆಗೆ ಮಾತ್ರವಲ್ಲದೆ ಸೇರು, ಮಣ ಮೊದಲಾದ ತೂಕಗಳ ಕಾಲು, ಅರೆ, ಮುಕ್ಕಾಲುಗಳಿಗೂ ಇವೇ ಗೀಟುಗಳು ಸಲ್ಲುತ್ತಿದ್ದುವಾದ ಕಾರಣ, ನೂಲಿನ ತೂಕವನ್ನೂ ಸೀರೆಯ ಬೆಲೆಯನ್ನೂ ಒಂದೇ ಕಣ್ಣಳತೆಯಲ್ಲಿ ಹಿಡಿಯುವುದು ಸಾಧ್ಯವಾಗಿದ್ದಿತು. ಏಳು ಎಂಬ ಅಂಕಿಯ ಆಕಾರಕ್ಕೂ ಏಳರ ಪ್ರಮಾಣಕ್ಕೂ ಯಾವ ಸಂಬಂಧವೂ ಇಲ್ಲ. ಅದನ್ನು ಕಲಿತೇ ತಿಳಿಯಬೇಕು. ಮೂರು ನೆಟ್ಟ ಗೀಟಿಗೂ ಮುಕ್ಕಾಲಿಗೂ ಇರುವ ಸಂಬಂಧವಾದರೋ ಕಣ್ಣಿಗೇ ಕಾಣತಕ್ಕುದು. ಶಾಲೆಯಲ್ಲಿ ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದೀಡಕಿಗಳ ಮಗ್ಗಿಯನ್ನು ದಿನವೂ ಸಂಜೆ ಒಕ್ಕೊರಲಿನಿಂದ ಹೇಳಿಸಿಕೊಂಡು ಬೆಳೆದ ಹುಡುಗನಿಗೆ ಕಿವಿಯಲ್ಲಿ ಆ ಮಗ್ಗಿ, ಕಣ್ಣಿನಲ್ಲಿ ಈ ಗೀಟು, ಎರಡೂ ಕೂಡಿ ಲೆಕ್ಕವು ಬಾಯಿಗೆ ಬರುವ ಮೊದಲೇ ಮನಸ್ಸಿಗೆ ಬರುತ್ತಿದ್ದಿತು.

ಇದನ್ನು ಹೇಳಿದ ಮಾತ್ರಕ್ಕೆ, ನಮ್ಮ ಸಾವುಕಾರರು ರೇಖಾಚಿತ್ರವನ್ನು ಎಂದೋ ಕಂಡುಹಿಡಿದಿದ್ದರೆಂದು ನಾನು ವಾದಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. ಗೀಟು ಪರಿಮಾಣವನ್ನು ತೋರಿಸಿತು. ಕಾಲದ ಗತಿಯನ್ನು ತೋರಿಸಲಿಲ್ಲ. ಕಾಲದ ಗತಿಯನ್ನು ಖತಾವಣಿಯ ಪುಟವು ತೋರಿಸಿತು, ಆದರೆ ರೇಖೆಯ ರೂಪದಲ್ಲಲ್ಲ. ಈ ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1786ರಲ್ಲಿ ಅವನು ಪ್ರಕಟಿಸಿದ ವಾಣಿಜ್ಯದ ಭೂಪಟದಂಥ ಗ್ರಂಥದಲ್ಲಿ ಇಂಗ್ಲೆಂಡಿನ ಆಯಾತ ನಿರ್ಯಾತಗಳು ವರ್ಷದಿಂದ ವರ್ಷಕ್ಕೆ ಏರಿದುದನ್ನೂ ಇಳಿದುದನ್ನೂ ಗೆರೆಗಳು ತೋರಿಸಿದುವು. ಪೂರ್ವ ಇಂಡಿಯಾ ದೇಶಗಳೊಡನೆ ನಡೆದ ವ್ಯಾಪಾರಕ್ಕೂ ಅಲ್ಲಿ ಒಂದು ಚಿತ್ರವುಂಟು. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಮಾತ್ರ ಹಲವು ವರ್ಷಗಳ ಅಂಕಿಗಳು ಅವನಿಗೆ ಸಿಕ್ಕದಿದ್ದುದರಿಂದ ಒಂದೇ ವರ್ಷದ ಅಂಕಿಗಳನ್ನು ಕಂಬಗಳಾಗಿ ನಿಲ್ಲಿಸಿದನು. ಇಂದು ಎಲ್ಲರೂ ಬಳಸುವ ಸ್ತಂಭಚಿತ್ರವು ಹೀಗೆ ಅಂಕಿಗಳ ಅಭಾವದಿಂದ ಹುಟ್ಟಿದ ಕೂಸು. ಆ 1786ರಲ್ಲಿಯೇ, ಮೇ ತಿಂಗಳಿನಲ್ಲಿ, ಮರಾಠರ ಸೇನೆಯು ಬಾದಾಮಿಯನ್ನು ಮುತ್ತಿ ಟಿಪ್ಪುವಿನ ಕೈಯಿಂದ ಅದನ್ನು ಕಿತ್ತುಕೊಂಡಿತು. ಲಂಡನ್ನಿನಲ್ಲಿ ವ್ಯಾಪಾರದ ಗೆರೆಯನ್ನು ತಾಮ್ರದ ತಗಡಿನ ಮೇಲೆ ಕೊರೆಯುತ್ತಿದ್ದಾಗ ಇಲ್ಲಿ ವ್ಯಾಪಾರದ ದಾರಿಗಳೇ ಮುಚ್ಚಿದ್ದುವು.

1818ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾನಿ ಮನ್ರೋ ಬಾದಾಮಿಯನ್ನು ಹಿಡಿದ ಮೇಲೆ ಈ ಸೀಮೆ ಕಂಪನಿಯ ಆಳಿಕೆಗೆ ಸೇರಿತು. ಮುಂದೆ ಅದು ಕಲಾದಗಿಯನ್ನು ಮುಖ್ಯಸ್ಥಾನವಾಗುಳ್ಳ ಜಿಲ್ಲೆಯೂ, ಅನಂತರ ಬಿಜಾಪುರ ಜಿಲ್ಲೆಯೂ ಆಯಿತು. 1876ರಿಂದ 1878ರ ವರೆಗಿನ ಘೋರ ಕ್ಷಾಮ ಈ ಪ್ರದೇಶವನ್ನು ಬಡಿದು ಹಣ್ಣುಮಾಡಿತು. 1880ರ ದಶಕದಲ್ಲಿ ಹೋಟಗಿಯಿಂದ ಗದಗಿಗೆ ಹಾಕಿದ ರೈಲುಮಾರ್ಗ ಬಾಗಲಕೋಟೆ ಬಾದಾಮಿಗಳನ್ನು ಹಾಯ್ದುಹೋಯಿತು. 1884ರಲ್ಲಿ ಮುಂಬಯಿ ಸರಕಾರವು ಬಿಜಾಪುರ ಜಿಲ್ಲೆಯ ಗ್ಯಾಸೆಟಿಯರನ್ನು ಹೊರತಂದಿತು. ಆ ಗ್ರಂಥದ ಉಪಕಾರವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೂ ಅದರೊಡನೆ ಲೆಕ್ಕದ ಸ್ವಭಾವದಲ್ಲಿಯೇ ಒಂದು ಮಾರ್ಪಾಡು ಉಂಟಾಯಿತೆಂಬುದನ್ನು ಗುರುತಿಸದೆ ಹೋಗುವುದು ಯುಕ್ತವಲ್ಲ. ಸಂಖ್ಯೆಯು ಹುಟ್ಟಿದ ಪುಟವನ್ನು ಬಿಟ್ಟು, ದೂರದ ಕಚೇರಿಯ ಕೋಷ್ಟಕಕ್ಕೆ ಪ್ರಯಾಣ ಹೊರಟಿತು. ಊರಿನ ಮಗ್ಗಗಳಿಷ್ಟು, ಮಾಲಿನ ಬೆಲೆಯಿಷ್ಟು ಎಂಬ ಮೊತ್ತ ಮುದ್ರಿತ ಪುಟದಲ್ಲಿ ನಿಂತಾಗ, ಅದರ ಹಿಂದಿನ ಏರಿಳಿತವೆಲ್ಲ ಕಳಚಿಹೋಗಿ, ಮೊತ್ತವೊಂದೇ ಉಳಿಯಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯೂ, ಮರುವರ್ಷ ನೆರೆಯ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಆರಂಭಿಸಿದ ಸಹಕಾರಿ ಸಂಘವೂ ಈ ಭಾಗದಲ್ಲಿ ತನಿಖೆಗೆ ಒಳಪಟ್ಟ ಲೆಕ್ಕದ ಶಿಸ್ತನ್ನು ಬೇರೂರಿಸಿದುವು. ಸದಸ್ಯನಿಗೆ ಅದರಿಂದ ರಕ್ಷಣೆ ದೊರೆಯಿತು. ವಾರ್ಷಿಕ ತಃಖ್ತೆಯಾದರೋ ಮೊತ್ತಗಳ ತಃಖ್ತೆಯಾಗಿಯೇ ಉಳಿಯಿತು.

ಗೀಟುಗಳ ಆಯುಷ್ಯ ಮುಗಿದ ದಿನವನ್ನು ನಿಶ್ಚಿತವಾಗಿ ಹೇಳಬಹುದು. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ವಿಶಾಲ ಮೈಸೂರನ್ನು ಸೇರಿತು. ಐದೇ ತಿಂಗಳ ಮೇಲೆ, 1957ರ ಏಪ್ರಿಲ್ 1ರಂದು, ರೂಪಾಯಿಗೆ ನೂರು ನಯಾಪೈಸೆಗಳಾದುವು. ಒಂದಾಣೆಗೆ ಆರು ನಯಾಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಎಂಬ ಪರಿವರ್ತನೆಯ ಪಟ್ಟಿಗಳನ್ನು ಅಂಗಡಿಗಳಲ್ಲಿ ತೂಗುಹಾಕಿದರು. ದಶಾಂಶಪದ್ಧತಿಯ ಸೌಕರ್ಯ ನಿರ್ವಿವಾದವಾದುದು. ಮಕ್ಕಳ ತಲೆಯ ಮೇಲಿದ್ದ ದೊಡ್ಡದೊಂದು ಹೊರೆ ಇಳಿಯಿತು. ಕೂಡುವುದು ಕಳೆಯುವುದು ಸುಗಮವಾಯಿತು. ಆದರೆ ಕಾಲು, ಅರೆ, ಮುಕ್ಕಾಲುಗಳನ್ನು ಕಣ್ಣಿಗೆ ಕಾಣಿಸುತ್ತಿದ್ದ ಗೀಟುಗಳಿಗೆ ಇನ್ನು ಎಡೆಯಿಲ್ಲದಾಯಿತು. ಎಪ್ಪತ್ತೈದು ಎಂಬ ಎರಡಂಕಿ, ಹದಿನಾಲ್ಕು ಎಂಬ ಎರಡಂಕಿಯಷ್ಟೇ ಅಗಲ, ಅಷ್ಟೇ ಎತ್ತರ. ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ದೇಶವನ್ನೆಲ್ಲ ವ್ಯಾಪಿಸಿದ ಟ್ಯಾಲಿ ತಂತ್ರಾಂಶವು ಕ್ರಮೇಣ ಜಿಲ್ಲೆಯ ಅಂಗಡಿಗಳಿಗೂ ಬಂದು ಕೀರ್ದಿ ಖತಾವಣಿಗಳೆರಡನ್ನೂ ಒಂದೇ ಪೆಟ್ಟಿಗೆಯೊಳಗೆ ಅಡಗಿಸಿತು. ಬಾಕಿಯು ಕ್ಷಣಾರ್ಧದಲ್ಲಿ ತಿಳಿಯುವಂತಾಯಿತು. ಆ ಬಾಕಿ ಬೆಳೆದ ಬಗೆಯನ್ನು ತಿಳಿಯಬೇಕಾದರೆ ಮಾತ್ರ ಇನ್ನೊಂದು ಪರದೆಯನ್ನೂ ಮತ್ತೊಂದು ಪರದೆಯನ್ನೂ ತೆರೆಯಬೇಕಾಯಿತು. ಕೆಂಪು ಹೊತ್ತಿಗೆಯಲ್ಲಿ ಒಂದೇ ಪುಟದಲ್ಲಿ ಕೂಡಿದ್ದ ಎರಡು ಸಂಗತಿಗಳು ಹೀಗೆ ಅಗಲಿದುವು.

ಆ ಅಗಲಿಕೆಯನ್ನು ಅಮೆರಿಕದ ಎಡ್ವರ್ಡ್ ಟಫ್ಟಿಯವರು ತಮ್ಮದೇ ದಾರಿಯಿಂದ ಕಂಡುಕೊಂಡರು. ಅಂಕಿಗಳನ್ನು ಚಿತ್ರಿಸುವ ವಿದ್ಯೆಗೆ ಜೀವಮಾನವನ್ನೇ ಸವೆಸಿದ ಅವರು 2006ರ ತಮ್ಮ ಗ್ರಂಥದಲ್ಲಿ ಸ್ಪಾರ್ಕ್‌ಲೈನಿಗೆ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಚಿತ್ರವು ಪುಟದ ಇನ್ನೊಂದು ಮೂಲೆಯಲ್ಲಿ ಚೌಕಟ್ಟು ಹಾಕಿಕೊಂಡು ಕೂಡಬೇಕಾಗಿಲ್ಲ, ವಾಕ್ಯದ ನಡುವೆ, ಕೋಷ್ಟಕದ ಮನೆಯೊಳಗೆ, ಅಕ್ಷರದಷ್ಟೇ ಎತ್ತರವಾಗಿ ನಿಲ್ಲಬಹುದೆಂಬುದು ಅವರ ಸಿದ್ಧಾಂತ. 2010ರ ಎಕ್ಸೆಲ್ ಆವೃತ್ತಿ ಇದನ್ನು ಎಲ್ಲರ ಕೈಗೂ ಎಟುಕಿಸಿತು: ಗೆರೆ, ಕಂಬ, ಗೆಲವು-ಸೋಲು ಎಂಬ ಮೂರು ಬಗೆಗಳಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 2009ರಲ್ಲಿ, ಯೂನಿಕೋಡಿನ 5.2ನೆಯ ಆವೃತ್ತಿಯು ನಮ್ಮ ಹಳೆಯ ಕಾಲು, ಅರೆ, ಮುಕ್ಕಾಲು, ವೀಸಗಳ ಗೀಟುಗಳಿಗೆ ಸಂಕೇತಸ್ಥಾನಗಳನ್ನು ಕೊಟ್ಟಿತು. ಭಾರತದ ಹಲವು ಲಿಪಿಗಳಿಗೆ ಸಮಾನವಾದ ಹತ್ತು ಚಿಹ್ನೆಗಳ ಆ ಗುಂಪನ್ನು ಬಳಸುವ ಲಿಪಿಗಳಲ್ಲಿ ಕನ್ನಡವೂ ಸೇರಿದೆ. ಪೇಟೆಯಿಂದ ಮರೆಯಾದ ಗೀಟು ಗಣಕದೊಳಕ್ಕೆ ಬಂದುದೂ, ಲೆಕ್ಕದ ಸಾಲಿನೊಳಗೆ ರೇಖೆ ಮೂಡಿದುದೂ ಹೆಚ್ಚು ಕಡಿಮೆ ಏಕಕಾಲದಲ್ಲಿ.

ಈ ಸಣ್ಣ ರೇಖೆಯನ್ನು ಇಳಕಲ್ಲಿನ ಸೀರೆಯ ವ್ಯಾಪಾರಕ್ಕೆ ಅಳವಡಿಸಲು ಹೊರಟವನು ಎದುರಿಸಬೇಕಾದ ಪ್ರಶ್ನೆಗಳನ್ನು ಸ್ವಲ್ಪ ವಿಸ್ತಾರವಾಗಿಯೇ ವಿಚಾರಿಸುವುದು ಅವಶ್ಯ. ಮೊದಲನೆಯದು ಗೆರೆಯೋ ಕಂಬವೋ ಎಂಬ ಪ್ರಶ್ನೆ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿಹಾಕಿ ಬೆಸೆಯುತ್ತಾರೆ. ಕೆಂಪು ನೆಲದ ಮೇಲೆ ಬಿಳಿಯ ಟೋಪ್ ತೆನಿ ವಿನ್ಯಾಸ ಮೂಡುವ ಆ ಸೆರಗು ಹೀಗೆ ಸೇರಿಕೊಳ್ಳುವುದರಿಂದ ಆರು, ಎಂಟು ಅಥವಾ ಒಂಬತ್ತು ಗಜದ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿಯೇ ಸಿದ್ಧಪಡಿಸಬೇಕು. ಗಿರಣಿಯ ಬಟ್ಟೆಯಂತೆ ಇದು ಎಡೆಬಿಡದೆ ಹರಿದುಬರುವ ಮಾಲಲ್ಲ. ಒಂದೊಂದಾಗಿ ಎಣಿಸಿ ಬರುವ ಮಾಲು. ಅಂಥದನ್ನು ತೋರಿಸಲು ಬಿಂದುವಿನಿಂದ ಬಿಂದುವಿಗೆ ಎಳೆದ ಗೆರೆಗಿಂತ ತಿಂಗಳಿಗೊಂದರಂತೆ ನಿಲ್ಲಿಸಿದ ಪುಟ್ಟ ಕಂಬಗಳೇ ಲೇಸು. ಗೆರೆಯು ಎರಡು ತಿಂಗಳ ನಡುವೆಯೂ ಏನೋ ಒಂದು ಪ್ರಮಾಣವಿದ್ದಿತೆಂದು ಸೂಚಿಸುತ್ತದೆ. ಕಂಬವು ಇದ್ದುದನ್ನಷ್ಟೇ ಹೇಳುತ್ತದೆ. ದರದ ವಿಷಯದಲ್ಲಾದರೋ, ರೇಷ್ಮೆನೂಲಿನ ಪೇಟೆಯ ಧಾರಣೆ ಏರುವುದು ಇಳಿಯುವುದು ಅವಿಚ್ಛಿನ್ನವಾಗಿ ನಡೆಯುವ ಕಾರಣ, ಗೆರೆಯೇ ತಕ್ಕುದು.

ಎರಡನೆಯದು ಅಳತೆಯ ಮಾನದ ಪ್ರಶ್ನೆ. ದಡಿಯ ಬಗೆಗಳಲ್ಲಿ ಚಿಕ್ಕಿ ಪರಾಸ ಒಂದು ಸಾಲು, ಗೋಮಿ ಒಂದು ಸಾಲು, ಗಾಡಿ ದಡಿ ಒಂದು ಸಾಲು, ಅಪ್ಪಟ ರೇಷ್ಮೆಯದು ಇನ್ನೊಂದು ಸಾಲು ಎಂದಿಟ್ಟುಕೊಳ್ಳೋಣ. ತಂತ್ರಾಂಶವು ತಾನಾಗಿ ಪ್ರತಿಯೊಂದು ಸಾಲಿಗೂ ಅದರದೇ ಆದ ಮಾನವನ್ನು ಹಾಕಿಕೊಡುತ್ತದೆ. ಆಗ ತಿಂಗಳಿಗೆ ನಾಲ್ಕಾರು ಮಾರುವ ಸೀರೆಯ ಕಂಬವೂ ನೂರಾರು ಮಾರುವ ಸೀರೆಯ ಕಂಬವೂ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಎಲ್ಲಕ್ಕೂ ಒಂದೇ ಮಾನವನ್ನು ವಿಧಿಸಿದರೆ ಸಣ್ಣ ವ್ಯಾಪಾರದ ಸಾಲು ನೆಲಕ್ಕೆ ಹತ್ತಿದ ಧೂಳಿನಂತಾಗಿ ಏನನ್ನೂ ಹೇಳದೆ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಒಂದೇ ಸಾಲಿನ ಋತುಗತಿಯನ್ನು ಕಾಣಬೇಕಾದಲ್ಲಿ ಸ್ವಂತ ಮಾನ, ಸಾಲುಸಾಲನ್ನು ಹೋಲಿಸಬೇಕಾದಲ್ಲಿ ಸಮಾನ ಮಾನ. ಯಾವುದನ್ನು ಬಳಸಿದರೂ ಅದನ್ನು ಅಂಕಣದ ತಲೆಯ ಮೇಲೆ ಸ್ಪಷ್ಟವಾಗಿ ಬರೆದಿರಬೇಕು, ಮೊತ್ತದ ಅಂಕಿಯನ್ನು ಚಿತ್ರದ ಪಕ್ಕದಿಂದ ಎಂದಿಗೂ ತೆಗೆಯಕೂಡದು. ಕಂಬದ ಬುಡವಂತೂ ಸೊನ್ನೆಯಲ್ಲಿಯೇ ಇರಬೇಕು. ಬುಡವನ್ನು ಕತ್ತರಿಸಿ ನಿಲ್ಲಿಸಿದ ಕಂಬವು ಕಿರಿದಾದ ಅಂತರವನ್ನು ಹಿರಿದಾಗಿಸಿ ತೋರಿಸುತ್ತದೆ. ಐನೂರ್ವರ ಸಂತೆಯಲ್ಲಿ ಕಡಿಮೆ ಕೊಳಗವನ್ನಿಟ್ಟುಕೊಂಡವನ ಅಪರಾಧ ಯಾವುದೋ ಇದೂ ಅದೇ ಜಾತಿಯ ಅಪರಾಧ.

ಮೂರನೆಯ ಪ್ರಶ್ನೆ ಸೊನ್ನೆಗೂ ಶೂನ್ಯಪ್ರದೇಶಕ್ಕೂ ಇರುವ ವ್ಯತ್ಯಾಸ. 2009ರ ಅಕ್ಟೋಬರಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ ಹುನಗುಂದ ತಾಲ್ಲೂಕುಗಳ ಗ್ರಾಮಗಳನ್ನು ಮುಳುಗಿಸಿತು; ಐಹೊಳೆ ಪಟ್ಟದಕಲ್ಲುಗಳಿಗೂ ನೀರು ನುಗ್ಗಿತು. 2020ರ ಮಾರ್ಚ್ ಕೊನೆಯಿಂದ ದೇಶದ ಪೇಟೆಗಳೆಲ್ಲ ಮುಚ್ಚಿದುವು. ಅಂಥ ತಿಂಗಳಲ್ಲಿ ಅಂಗಡಿಯನ್ನು ತೆರೆದು ಒಂದೂ ಮಾರದಿದ್ದುದು ಬೇರೆ, ಮಗ್ಗದ ಗುಂಡಿಗೆ ನೀರು ನಿಂತು ಲೆಕ್ಕವೇ ಬಾರದಿದ್ದುದು ಬೇರೆ. ಮೊದಲನೆಯದು ಸೊನ್ನೆ. ಎರಡನೆಯದನ್ನು ಖಾಲಿ ಬಿಡತಕ್ಕದ್ದು. ಖಾಲಿ ಮನೆಯನ್ನು ಸೊನ್ನೆಯೆಂದು ತೋರಿಸುವುದಕ್ಕೂ, ಅಂತರವಾಗಿ ಬಿಡುವುದಕ್ಕೂ, ಎರಡು ಪಕ್ಕದ ಬಿಂದುಗಳನ್ನು ಜೋಡಿಸಿಬಿಡುವುದಕ್ಕೂ ಎಕ್ಸೆಲ್ಲಿನಲ್ಲಿ ಅವಕಾಶವುಂಟು. ಈ ಮೂರರಲ್ಲಿ ಜೋಡಿಸುವುದು ನೋಟಕ್ಕೆ ಅಂದವಾದರೂ, ನೇಕಾರರು ಕಂಡ ಸಂಕಷ್ಟವನ್ನೇ ದಾಖಲೆಯಿಂದ ಅಳಿಸಿಹಾಕುವುದರಿಂದ, ಅದನ್ನು ನಾನು ಒಪ್ಪಲಾರೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಪಂಚಾಂಗದ ಪ್ರಶ್ನೆ. ಉತ್ತರ ಕರ್ನಾಟಕದಲ್ಲಿ ಸೀರೆ ಕುಪ್ಪಸದ ಖಣಗಳ ವ್ಯಾಪಾರ ನಾಗರಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳನ್ನೂ, ದೀಪಾವಳಿಯನ್ನೂ, ಮದುವೆಯ ಮುಹೂರ್ತಗಳನ್ನೂ, ಬಾದಾಮಿಯ ಬನಶಂಕರಿಯ ಪುಷ್ಯಮಾಸದ ಜಾತ್ರೆಯನ್ನೂ ಅನುಸರಿಸಿ ನಡೆಯುತ್ತದೆ. ಇವೆಲ್ಲ ಚಾಂದ್ರಮಾನದ ದಿನಗಳು. 2023ರಲ್ಲಿ ಶ್ರಾವಣವು ಅಧಿಕವಾಗಿ ಬಂದುದರಿಂದ ನಾಗರಪಂಚಮಿ ಆಗಸ್ಟ್ 21ಕ್ಕೆ ಹೋಯಿತು; 2025ರಲ್ಲಿ ಅದು ಜುಲೈ 29ರಂದೇ ಬಂದಿತು. ದೀಪಾವಳಿಯೂ ಹಾಗೆಯೇ, ಮೊದಲನೆಯ ವರ್ಷ ನವೆಂಬರಿನಲ್ಲಿ, ಎರಡನೆಯ ವರ್ಷ ಅಕ್ಟೋಬರಿನಲ್ಲಿ. ಇಂಗ್ಲಿಷ್ ತಿಂಗಳುಗಳ ಹನ್ನೆರಡು ಕಂಬಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವವನು ಜುಲೈಯಲ್ಲಿ ವ್ಯಾಪಾರ ಹೆಚ್ಚಿತೆಂದೂ ಆಗಸ್ಟಿನಲ್ಲಿ ಕುಸಿಯಿತೆಂದೂ ಭ್ರಮಿಸುವನು. ನಿಜವಾಗಿ ಚಲಿಸಿದುದು ಹಬ್ಬ. ಹಳೆಯ ಕೀರ್ದಿಯಲ್ಲಿ ಈ ಭ್ರಾಂತಿಗೆ ಎಡೆಯಿರಲಿಲ್ಲ, ಏಕೆಂದರೆ ಅದರ ಮಿತಿಗಳು ಮಾಸ ಪಕ್ಷ ತಿಥಿಗಳಲ್ಲಿಯೇ ಇದ್ದುವು. ಬಲಿಪಾಡ್ಯಮಿಯಂದು ಹೊಸ ಹೊತ್ತಿಗೆಗಳನ್ನು ಪೂಜಿಸಿ ತೆರೆದ ವರ್ತಕನ ವರ್ಷ ಮುಂದಿನ ಬಲಿಪಾಡ್ಯಮಿಗೇ ಮುಗಿಯುತ್ತಿದ್ದಿತು. ತೆರಿಗೆಗೆ ಏಪ್ರಿಲ್‌ನಿಂದ ಮಾರ್ಚ್ ವರೆಗಿನ ವರ್ಷ ಇರಲಿ. ವ್ಯಾಪಾರದ ನಾಡಿಯನ್ನು ಹಿಡಿಯುವ ರೇಖೆಗೆ ಚಾಂದ್ರಮಾಸಗಳನ್ನೇ ಆಧಾರವಾಗಿಟ್ಟು, ಅಧಿಕಮಾಸಕ್ಕೆ ಹದಿಮೂರನೆಯ ಕಂಬವನ್ನು ಬೇರೆ ಬಣ್ಣದಲ್ಲಿ ನಿಲ್ಲಿಸುವುದು ಕಷ್ಟವೇನೂ ಅಲ್ಲ. ಒಂದು ಮಾಸಪಟ್ಟಿಯನ್ನು ಪಕ್ಕದಲ್ಲಿ ಸಿದ್ಧಪಡಿಸಿಕೊಂಡು ದಿನಾಂಕಗಳನ್ನು ಅದಕ್ಕೆ ಹೊಂದಿಸಿದರೆ ತೀರಿತು.

ಉಳಿದ ಅಲಂಕಾರಗಳನ್ನು ಕುರಿತು ಹೆಚ್ಚು ಹೇಳುವ ಅಗತ್ಯವಿಲ್ಲ. ಕೊನೆಯ ಕಂಬಕ್ಕೆ ಒಂದು ಬಣ್ಣ, ಅತಿ ಎತ್ತರದ್ದಕ್ಕೂ ಅತಿ ಕುಳ್ಳಾದುದಕ್ಕೂ ಒಂದೊಂದು ಗುರುತು. ಅಷ್ಟಕ್ಕೆ ನಿಲ್ಲಿಸುವುದು ಒಳ್ಳೆಯದು.

ಇಷ್ಟೆಲ್ಲ ವಿಚಾರಿಸಿದ ಮೇಲೆ ಒಂದು ಕೊರತೆ ಎದ್ದುಕಾಣುತ್ತದೆ. ಗಣಕದೊಳಗಿನ ಅಂಕಿಗಳ ಸಾಲು ಬಹಳವಾದರೆ ಎರಡು ಮೂರು ದಶಕಗಳಷ್ಟು ಹಿಂದಕ್ಕೆ ಹೋದೀತು. 1957ಕ್ಕೆ ಹಿಂದೆ ನೂಲಿನ ಧಾರಣೆ ಹೇಗಿದ್ದಿತು, ನೇಕಾರನ ಮಜೂರಿ ಯಾವ ವರ್ಷ ಏರಿತು, ಯಾವ ಬರಗಾಲದಲ್ಲಿ ಸೀರೆಯ ಸಂಖ್ಯೆ ಅರ್ಧಕ್ಕಿಳಿಯಿತು ಎಂಬುದನ್ನು ಹೇಳಬಲ್ಲವು ಆ ಕೆಂಪು ಹೊದಿಕೆಯ ಹೊತ್ತಿಗೆಗಳು ಮಾತ್ರ. ಸರಕಾರಿ ಗ್ಯಾಸೆಟಿಯರಿನ ಮೊತ್ತಗಳಿಂದ ಅಂಥ ರೇಖೆಯನ್ನು ಎಳೆಯಲಾಗುವುದಿಲ್ಲ. ಖತಾವಣಿಯ ಮಿತಿಮಿತಿಯ ಗೀಟುಗಳಿಂದ ಎಳೆಯಬಹುದು. ಆಲಮಟ್ಟಿಯ ಜಲಾಶಯದ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಜನ ಮನೆ ಅಂಗಡಿಗಳನ್ನು ಬಿಟ್ಟು ನವನಗರಕ್ಕೆ ಹೊರಟರು; ಊರು ಹೀಗೆ ಸ್ಥಳಾಂತರವಾಗುವಾಗ ಹಳೆಯ ಕಾಗದಪತ್ರಗಳಿಗೆ ಒದಗುವ ಗತಿಯನ್ನು ಯಾರಾದರೂ ಊಹಿಸಬಹುದು. ಉಳಿದಿರುವವನ್ನಾದರೂ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಬಾಗಲಕೋಟೆ, ಇಳಕಲ್ಲು, ಗುಳೇದಗುಡ್ಡ, ಹುನಗುಂದಗಳ ವರ್ತಕ ಕುಟುಂಬಗಳವರು ಅಜ್ಜನ ಕಾಲದ ಕೀರ್ದಿ ಖತಾವಣಿಗಳನ್ನು ದಯವಿಟ್ಟು ರದ್ದಿಗೆ ಹಾಕಬಾರದು. ಮನೆಯಲ್ಲಿ ಇಟ್ಟುಕೊಳ್ಳಲು ಎಡೆಯಿಲ್ಲದಿದ್ದರೆ, 1939ರಿಂದ ಧಾರವಾಡದಲ್ಲಿರುವ ಕನ್ನಡ ಸಂಶೋಧನ ಸಂಸ್ಥೆಯನ್ನಾಗಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗವನ್ನಾಗಲಿ ವಿಚಾರಿಸಿ ಒಪ್ಪಿಸಬಹುದು. ಒಪ್ಪಿಸುವ ಮೊದಲು, ಮೋಡಿಯನ್ನೂ ಗೀಟಿನ ಲೆಕ್ಕವನ್ನೂ ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಅವರಿಂದ ನಾಲ್ಕು ಪುಟಗಳನ್ನಾದರೂ ಓದಿಸಿ ಕನ್ನಡದಲ್ಲಿ ಬರೆದುಕೊಂಡು ಆ ಹಾಳೆಯನ್ನೂ ಹೊತ್ತಿಗೆಯೊಳಗೆ ಇರಿಸಿ ಕಳುಹಿಸಬೇಕೆಂದು ನನ್ನ ಪ್ರಾರ್ಥನೆ.